ಕೆಂಚನ ಶುಗರ್: ಮನೇಲೇ ನೋಡ್ಕೊಂಡ ಒಂದು ಬೆಕ್ಕಿನ ಕೇಸ್

ಬೆಕ್ಕಿಗೂ ಶುಗರ್ ಬರುತ್ತಾ ಡಾಕ್ಟ್ರೇ ಅಂತ ಇವತ್ತಿಗೂ ಜನ ಕೇಳ್ತಾರೆ. ಬರುತ್ತೆ. ಆಪರೇಷನ್ ಆಗಿರೋ, ಮನೆ ಒಳಗೇ ಇರೋ, ಮೈ ತುಂಬ್ಕೊಂಡಿರೋ ಗಂಡು ಬೆಕ್ಕಿಗೆ ಜಾಸ್ತಿ ಬರುತ್ತೆ, ಅದೂ ಏಳೆಂಟು ವರ್ಷ ದಾಟಿದ್ಮೇಲೆ. ಮನುಷ್ಯರ ಟೈಪ್ 2 ಥರಾನೇ, ಇನ್ಸುಲಿನ್ ಇರುತ್ತೆ ಆದ್ರೆ ದೇಹ ಅದರ ಮಾತು ಕೇಳಲ್ಲ, ಆಮೇಲೆ ಮೇದೋಜೀರಕ ಗ್ರಂಥಿನೂ ಸುಸ್ತಾಗುತ್ತೆ. ಇದರಲ್ಲಿ ನಾವು ಕ್ಲಿನಿಕ್‌ನಲ್ಲಿ ಮಾಡೋದು ಕಾಲು ಭಾಗ ಅಷ್ಟೇ, ಮುಕ್ಕಾಲು ಭಾಗ ಮನೆಯವ್ರ ಕೈಲಿದೆ. ಅದನ್ನ ಬರೀ ಬಾಯಲ್ಲಿ ಹೇಳಿದ್ರೆ ಯಾರಿಗೂ ಅಂದಾಜು ಸಿಗಲ್ಲ, ಹಾಗಾಗಿ ಒಂದು ಕೇಸ್ ಪೂರ್ತಿ ಬರೀತಿದೀನಿ. ಮನೆಯವ್ರು ಒಪ್ಪಿದಾರೆ, ಹೆಸ್ರು ಹಾಕಲ್ಲ, ಬೆಕ್ಕಿನ ಹೆಸ್ರು ಮಾತ್ರ ಹಾಕ್ತೀನಿ, ಕೆಂಚ.

ಮೈಸೂರಲ್ಲಿ ರಿಟೈರ್ಡ್ ಮೇಷ್ಟ್ರು, ಅವ್ರ ಹೆಂಡ್ತಿ (ನಾನು ಅಮ್ಮ ಅಂತೀನಿ), ಇಬ್ಬರೇ ಇರೋ ಮನೆ. ಕೆಂಚ ನಾಟಿ ಬೆಕ್ಕು, ಕೆಂಪು ಬಣ್ಣ, ಒಂಬತ್ತು ವರ್ಷ, ಒಂದು ಕಾಲಕ್ಕೆ ಏಳು ಕೆಜಿ ಇದ್ದೋನು. ಆಷಾಢದಲ್ಲಿ ಕರ್ಕೊಂಡು ಬಂದಾಗ 5.2 ಕೆಜಿ. ಹಸಿವು ಜಾಸ್ತಿ, ಹೊಟ್ಟೆ ತುಂಬಾ ತಿಂತಾನೆ, ಆದ್ರೂ ಬೆನ್ನುಮೂಳೆ ಕೈಗೆ ಸಿಗೋ ಹಾಗಾಗಿದಾನೆ. ಬಚ್ಚಲುಮನೆ ಬಕೆಟ್‌ಗೆ ಮುಖ ಹಾಕಿ ನೀರು ಕುಡೀತಾನಂತೆ. ಮೇಷ್ಟ್ರು ಇದೆಲ್ಲ ಸೆಕೆಗೆ ಅನ್ಕೊಂಡಿದ್ರು, ಆದ್ರೆ ಅಮ್ಮ ಒಂದು ವಿಷಯ ಹೇಳಿದ್ರು ನೋಡಿ, ಅಲ್ಲೇ ನಂಗೆ ಅರ್ಧ ಡಯಾಗ್ನೋಸಿಸ್ ಆಗೋಯ್ತು: "ಇವ್ನು ಹಿತ್ತಲಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ಕೋತಿದೆ ಡಾಕ್ಟ್ರೇ, ಮುಂಚೆ ಹಿಂಗಿರಲಿಲ್ಲ." ಅಮ್ಮಂಗೂ ಶುಗರ್ ಇದೆ, ಹದಿನೈದು ವರ್ಷದಿಂದ, ಇನ್ಸುಲಿನ್ ಮೇಲಿದಾರೆ, ಅವ್ರಿಗೆ ಅನುಮಾನ ಆಗಲೇ ಬಂದಿತ್ತು.

ಕೆಂಚ ಟೇಬಲ್ ಮೇಲೆ ನಿಂತಾಗ ಹಿಂಗಾಲು ನೋಡ್ದೆ. ಬೆಕ್ಕು ಬೆರಳ ಮೇಲೆ ನಡಿಯೋ ಪ್ರಾಣಿ, ಇವ್ನು ಹಿಮ್ಮಡಿ ತನಕ ಪೂರ್ತಿ ಪಾದ ನೆಲಕ್ಕೂರಿ ನಿಂತಿದ್ದ. ಇದು ಶುಗರ್ ನರಕ್ಕೆ ಹೋದಾಗ ಆಗೋದು. ದಿವಾನ ಹತ್ತೋಕೆ ಆಗದೆ ಕೆಳಗಿಂದ ಕೂಗ್ತಾನೆ ಅಂತ ಮೇಷ್ಟ್ರು ಹೇಳಿದ್ದು ಇದಕ್ಕೇನೆ, ವಯಸ್ಸಾಯ್ತು ಅಂತಲ್ಲ.

ಶುಗರ್ ನೋಡಿದ್ರೆ 387. ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು, ಬೆಕ್ಕಿನ ವಿಷಯದಲ್ಲಿ ಕ್ಲಿನಿಕ್‌ನ ಒಂದೇ ಒಂದು ನಂಬರ್ ಹಿಡ್ಕೊಂಡು ಶುಗರ್ ಇದೆ ಅನ್ನೋಕಾಗಲ್ಲ. ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ತಂದು, ಪಕ್ಕದಲ್ಲಿ ನಾಯಿ ಬೊಗಳ್ತಾ ಇರುವಾಗ ಸೂಜಿ ಚುಚ್ಚಿದ್ರೆ ಆರೋಗ್ಯವಾಗಿರೋ ಬೆಕ್ಕಿಗೂ ಭಯಕ್ಕೇ 300 ದಾಟಬಹುದು. ಅದಕ್ಕೆ ಫ್ರಕ್ಟೋಸಮೀನ್ ಅನ್ನೋ ರಕ್ತ ಪರೀಕ್ಷೆಗೆ ಕಳಿಸ್ದೆ, ಇದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತೆ, ಆ ಹೊತ್ತಿನ ಭಯಕ್ಕೆ ಏರಲ್ಲ. ಜೊತೆಗೆ ಮನೇಲೇ ಮೂತ್ರಕ್ಕೆ ಸ್ಟ್ರಿಪ್ ಅದ್ದಿ ನೋಡಕ್ಕೆ ಹೇಳ್ದೆ. ಬೆಕ್ಕಿನ ಕಿಡ್ನಿ ಸುಮಾರು 250-300ರ ತನಕ ಸಕ್ಕರೆ ತಡ್ಕೊಳ್ಳುತ್ತೆ, ಅದರ ಮೇಲೆ ಹೋದ್ರೇನೇ ಮೂತ್ರಕ್ಕೆ ಇಳಿಯೋದು, ಅಂದ್ರೆ ನೆಮ್ಮದಿಯಾಗಿ ಮನೇಲಿರೋವಾಗ್ಲೂ ದಿನಾ ಮೂತ್ರದಲ್ಲಿ ಸಕ್ಕರೆ ಬಂತು ಅಂದ್ರೆ ಅದು ಬರೀ ಭಯ ಅಲ್ಲ. ಎರಡೂ ಜಾಸ್ತಿ ಬಂತು. ಕೀಟೋನ್ (ಇನ್ಸುಲಿನ್ ಸಾಲದೇ ದೇಹ ಕೊಬ್ಬು ಕರಗಿಸಿದಾಗ ಬರೋದು, ಜಾಸ್ತಿಯಾದ್ರೆ ಜೀವಕ್ಕೇ ಅಪಾಯ) ಇರಲಿಲ್ಲ, ಅದು ದೊಡ್ಡ ಸಮಾಧಾನ. ಕಿಡ್ನಿ ಸರಿ ಇತ್ತು, ಮೂತ್ರದಲ್ಲಿ ಸೋಂಕಿರಲಿಲ್ಲ, ಹಲ್ಲಿನ ಬುಡದಲ್ಲಿ ಸ್ವಲ್ಪ ಕೆಂಪು ಅಷ್ಟೇ.

ಯಾಕೆ ಬಂತು ಅಂತ ಕೆದಕಿದಾಗ ಹಳೇ ಚೀಟಿ ಸಿಕ್ತು. ತುರಿಕೆ ಅಂತ ಬೇರೆ ಕಡೆ ತೋರಿಸ್ತಿದ್ರು, ಆ ವರ್ಷ ಮೂರ್ನಾಲ್ಕು ಸಲ ಲಾಂಗ್ ಆಕ್ಟಿಂಗ್ ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತು. ಒಂದು ಸಲ ಕೊಟ್ರೆ ವಾರಗಟ್ಲೆ ಮೈಯಲ್ಲಿರುತ್ತೆ, ತುರಿಕೆ ನಿಲ್ಲುತ್ತೆ, ಆದ್ರೆ ಇನ್ಸುಲಿನ್ ಕೆಲ್ಸ ಮಾಡಕ್ಕೆ ಬಿಡಲ್ಲ. ದಪ್ಪ ಇದ್ದ ಬೆಕ್ಕು, ಅದರ ಮೇಲೆ ಸ್ಟೀರಾಯ್ಡ್, ಜೊತೆಗೆ ಊಟ. ಈ ಊಟದ ವಿಷಯ ಸ್ವಲ್ಪ ಉದ್ದ ಇದೆ.

ಕೆಂಚಂಗೆ ಬೆಳಿಗ್ಗೆಯಿಂದ ರಾತ್ರಿ ತನಕ ತಟ್ಟೆ ತುಂಬಾ ಡ್ರೈ ಫುಡ್, ಮಧ್ಯಾಹ್ನ ಹಾಲು, ರಾತ್ರಿ ಮೇಷ್ಟ್ರ ಜೊತೆ ಮೊಸರನ್ನ. ಚೀಲದ ಮೇಲೆ ಪ್ರೋಟೀನ್ 32, ಕೊಬ್ಬು 10, ನಾರು 3, ಬೂದಿ (ಅಂದ್ರೆ ಖನಿಜಾಂಶ) 8, ನೀರು 10 ಅಂತ ಬರ್ದಿತ್ತು, ಕಾರ್ಬೋಹೈಡ್ರೇಟ್ ಎಷ್ಟು ಅಂತ ಯಾವ ಚೀಲದ ಮೇಲೂ ಸಾಮಾನ್ಯವಾಗಿ ಬರಿಯಲ್ಲ, ನಾವೇ ಲೆಕ್ಕ ಹಾಕ್ಬೇಕು. ಎಲ್ಲಾ ಕೂಡಿ ನೂರರಿಂದ ಕಳೀರಿ, 37 ಉಳೀತು. ಅದು ತೂಕದ ಲೆಕ್ಕ, ನಮಗೆ ಬೇಕಾಗಿರೋದು ಕ್ಯಾಲೊರಿ ಲೆಕ್ಕ. ಪ್ರೋಟೀನನ್ನ 3.5ರಿಂದ ಗುಣಿಸಿ, ಕೊಬ್ಬನ್ನ 8.5ರಿಂದ, ಕಾರ್ಬೋಹೈಡ್ರೇಟನ್ನ (ಚಿಕ್ಕದಾಗಿ ಕಾರ್ಬ್) 3.5ರಿಂದ, ಅಂದ್ರೆ 112, 85, 129.5. ಒಟ್ಟು 326ರ ಆಸುಪಾಸಲ್ಲಿ 129 ಕಾರ್ಬಿಂದು, ಹತ್ತಿರ ಹತ್ತಿರ 40 ಪರ್ಸೆಂಟ್. ಶುಗರ್ ಇರೋ ಬೆಕ್ಕಿಗೆ ಇದು 12 ಪರ್ಸೆಂಟ್ ಒಳಗಿರ್ಬೇಕು. ಮೇಷ್ಟ್ರು ಗಣಿತದವ್ರೇ, ನನ್ನ ಕೈಯಿಂದ ಪೆನ್ ಇಸ್ಕೊಂಡು ಇನ್ನೊಂದು ಸಲ ತಾವೇ ಲೆಕ್ಕ ಹಾಕಿ ಸುಮ್ಮನೆ ಕೂತ್ರು.

ಬೆಕ್ಕಿಗೆ ಯಾಕೆ ಇಷ್ಟು ಕಟ್ಟುನಿಟ್ಟು ಅಂದ್ರೆ ಅದರ ದೇಹ ಮಾಂಸಕ್ಕೇ ಹೊಂದ್ಕೊಂಡಿರೋದು, ನಾಯಿ ಥರ ಅನ್ನ ಮುದ್ದೆ ಅರಗಿಸಿ ಸುಧಾರಿಸ್ಕೊಳ್ಳಲ್ಲ. ಅನ್ನ ತಿಂದಾಗ ಬರೋ ಸಕ್ಕರೆನ ಲಿವರ್ ಬೇಗ ಹಿಡ್ಕೊಳ್ಳೋಕೆ ಗ್ಲುಕೋಕೈನೇಸ್ ಅನ್ನೋ ಎನ್ಜೈಮ್ ಬೇಕು, ಬೆಕ್ಕಿನ ಲಿವರ್‌ನಲ್ಲಿ ಅದು ತೀರಾ ಕಮ್ಮಿ. ಮೊಸರನ್ನ ಪ್ರೀತಿಯಿಂದ ತಿಂತಾನೆ ಅನ್ನೋದು ನಿಜ, ಆದ್ರೆ ಅದು ರಕ್ತದಲ್ಲಿ ಗಂಟೆಗಟ್ಲೆ ಉಳಿಯುತ್ತೆ.

ಮನೆ ಶುದ್ಧ ಸಸ್ಯಾಹಾರ. ಅಮ್ಮ ನೇರವಾಗೇ ಕೇಳಿದ್ರು, "ಮೊಟ್ಟೆ ಕೂಡ ಒಳಗೆ ಬಂದಿಲ್ಲ ನಮ್ಮನೇಲಿ, ಬೇರೆ ದಾರಿ ಇಲ್ವಾ?" ನಾನೂ ನೇರವಾಗೇ ಹೇಳ್ದೆ, ಇಲ್ಲ ಅಮ್ಮ. ಟಾರಿನ್ ಅಂತ ಒಂದು ಅಂಶ ಇದೆ, ಬೆಕ್ಕು ಅದನ್ನ ಸಾಕಷ್ಟು ತಾನೇ ತಯಾರಿಸ್ಕೊಳ್ಳಲ್ಲ, ಮಾಂಸದಿಂದಾನೇ ಬರ್ಬೇಕು, ಅದಿಲ್ದೇ ಹೋದ್ರೆ ಕಣ್ಣಿನ ರೆಟಿನಾ ಹೋಗುತ್ತೆ, ಹೃದಯ ದೊಡ್ಡದಾಗಿ ಸೋಲುತ್ತೆ, ಈ ಹೃದಯದ ವಿಷಯ 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನವ್ರು ಕಂಡುಹಿಡಿದ್ಮೇಲೇ ಬೆಕ್ಕಿನ ಫುಡ್‌ಗೆ ಟಾರಿನ್ ಜಾಸ್ತಿ ಹಾಕೋಕೆ ಶುರು ಮಾಡಿದ್ದು. ಇಷ್ಟು ದಿನ ತಿಂತಿದ್ದ ಡ್ರೈ ಫುಡ್‌ನಲ್ಲೂ ಕೋಳಿ ಪುಡಿ ಇದ್ದೇ ಇತ್ತು ಅಂತಾನೂ ಹೇಳ್ದೆ, ಮುಚ್ಚಿಡೋದು ಸರಿ ಅಲ್ಲ ಅನ್ನಿಸ್ತು. ಗಂಡ ಹೆಂಡ್ತಿ ಮನೆಗೆ ಹೋಗಿ ಮಾತಾಡ್ಕೊಂಡು ಮಾರನೇ ದಿನ ಫೋನ್ ಮಾಡಿದ್ರು. ಒಲೆ ಮೇಲೆ ಬೇಯಿಸೋದಿಲ್ಲ, ಪೌಚ್ (ಮಾಂಸದ ಒದ್ದೆ ಫುಡ್ ಇರೋ ಪ್ಯಾಕೆಟ್) ಆದ್ರೆ ಹಿತ್ತಲ ಕಟ್ಟೆ ಮೇಲೆ ಬಿಚ್ಚಿ ಅಲ್ಲೇ ಹಾಕ್ತೀವಿ, ಅವ್ನ ತಟ್ಟೆ ಸ್ಪೂನು ಹೊರಗಡೆ ನಲ್ಲಿಲೇ ತೊಳೀತೀವಿ ಅಂದ್ರು. ಎಪ್ಪತ್ತು ದಾಟಿದ ಹೆಂಗಸು ಒಂದು ಬೆಕ್ಕಿಗೋಸ್ಕರ ಇಷ್ಟು ದೂರ ಬಂದ್ರಲ್ಲ, ನಂಗೆ ಗಂಟಲು ಕಟ್ತು. ನಿಜ ಹೇಳ್ಬೇಕಂದ್ರೆ ಪೌಚೇ ವಾಸಿ, ಯಾಕಂದ್ರೆ ಬರೀ ಕೋಳಿ ಬೇಯಿಸಿ ಹಾಕೋರಿಗೆ ನಾನು ಬೇಡ ಅಂತೀನಿ, ಮೂಳೆ ಇಲ್ದಿರೋ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ತಿಂಗಳುಗಟ್ಲೆ ಅದೇ ಆದ್ರೆ ಇನ್ನೊಂದು ಕಾಯಿಲೆ.

ಪೌಚ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಕೆಲವು ಗ್ರೇವಿನ ಹಿಟ್ಟು, ಸ್ಟಾರ್ಚ್ ಹಾಕಿ ಗಟ್ಟಿ ಮಾಡಿರ್ತಾರೆ, ಕೆಲವು ಬರೀ ಬಾಯಿರುಚಿಗೆ ಇರೋವು, ಪೂರ್ತಿ ಊಟ ಅಲ್ಲ, ಲೇಬಲ್ ಮೇಲೆ ಕಂಪ್ಲೀಟ್ ಅಂತ ಇದ್ರೆ ಮಾತ್ರ ತಗೋಬೇಕು. ಇವ್ರು ಆರಿಸ್ಕೊಂಡಿದ್ದು ಪ್ರೋಟೀನ್ 11, ಕೊಬ್ಬು 3, ನಾರು 1, ಬೂದಿ 2, ನೀರು 82 ಇರೋದು, ಅದೇ ಲೆಕ್ಕ ಹಾಕಿದ್ರೆ ಕಾರ್ಬ್ 5 ಪರ್ಸೆಂಟ್. ಲೇಬಲ್‌ನಲ್ಲಿ ಪ್ರೋಟೀನ್ ಕನಿಷ್ಠ ಅಂತಲೂ ನೀರು ಗರಿಷ್ಠ ಅಂತಲೂ ಇರೋದ್ರಿಂದ ಈ ಲೆಕ್ಕ ಅಂದಾಜೇ, ಆದ್ರೂ 40 ಎಲ್ಲಿ 5 ಎಲ್ಲಿ. 85 ಗ್ರಾಂ ಪೌಚ್‌ನಲ್ಲಿ ಐವತ್ತೇಳು ಕ್ಯಾಲೊರಿ ಹತ್ತಿರ ಬರುತ್ತೆ, ಇವ್ನಿಗೆ ದಿನಕ್ಕೆ ನಾಲ್ಕು ಬೇಕು. ಡ್ರೈ ಫುಡ್‌ಗಿಂತ ಖರ್ಚು ಜಾಸ್ತಿನೇ, ಅದನ್ನೂ ಮೊದಲೇ ಹೇಳ್ಬಿಡ್ತೀನಿ ನಾನು, ತಿಂಗಳ ಕೊನೇಲಿ ಮತ್ತೆ ಚೀಲಕ್ಕೆ ಹೋಗೋದಕ್ಕಿಂತ ಮುಂಚೆನೇ ಲೆಕ್ಕ ಗೊತ್ತಿರೋದು ಒಳ್ಳೇದು.

ಇನ್ಸುಲಿನ್ ಗ್ಲಾರ್ಜಿನ್ ಕೊಟ್ವಿ, 12 ಗಂಟೆಗೊಂದು ಸಲ 1 ಯೂನಿಟ್. ಇದು ಮನುಷ್ಯರಿಗೆ ಬರೋದೇ, ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಮಾಡುತ್ತೆ, ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಆದ್ರೆ ಈ ಮನೇಲಿ ಒಂದು ಅಪಾಯ ಇತ್ತು. ಅಮ್ಮನ ಇನ್ಸುಲಿನ್ 40ರ ಬಾಟಲಿ, ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಕ್ಯಾಪ್ ಸಿರಿಂಜ್. ಗ್ಲಾರ್ಜಿನ್ 100ರದ್ದು, ಅದಕ್ಕೆ ಕಿತ್ತಳೆ ಕ್ಯಾಪ್. ಕೆಂಪು ಸಿರಿಂಜಲ್ಲಿ ಗ್ಲಾರ್ಜಿನ್ ಎಳ್ದು ಒಂದು ಗೆರೆ ತನಕ ತುಂಬಿದ್ರೆ ಬೆಕ್ಕಿಗೆ ಹೋಗೋದು ಒಂದಲ್ಲ, ಎರಡೂವರೆ ಯೂನಿಟ್. ಐದು ಕೆಜಿ ಪ್ರಾಣಿಗೆ ಅದು ಜೀವ ತೆಗೆಯೋ ವ್ಯತ್ಯಾಸ. ಅದಕ್ಕೆ ಕೆಂಚನ ಇನ್ಸುಲಿನ್ನು ಸಿರಿಂಜು ಎರಡೂ ಬೇರೆ ಡಬ್ಬಿ, ಫ್ರಿಜ್‌ನಲ್ಲಿ ಬೇರೆ ಶೆಲ್ಫ್, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಹೆಸ್ರು. ಅಮ್ಮನ ಇನ್ಸುಲಿನ್ ಹಾಲಿನ ಬಣ್ಣ, ಅಂಗೈಲಿ ಉರುಳಿಸಿ ಬೆರಸ್ಬೇಕು, ಗ್ಲಾರ್ಜಿನ್ ನೀರಿನ ಥರ ತಿಳಿಯಾಗಿರುತ್ತೆ, ಅಲ್ಲಾಡಿಸೋ ಹಾಗಿಲ್ಲ, ಮೋಡ ಮೋಡ ಕಂಡ್ರೆ ಎಸೆಯೋದೇ. ಫ್ರೀಜರ್ ಪಕ್ಕ ಇಡ್ಬಾರ್ದು, ಗಟ್ಟಿಯಾಗಿ ಕರಗಿದ ಇನ್ಸುಲಿನ್ ಇನ್ಸುಲಿನ್ನೇ ಅಲ್ಲ.

ಇನ್ನು ಕಿವಿ ಚುಚ್ಚೋ ವಿಷಯ. ಮನೇಲಿ ಶುಗರ್ ನೋಡಿ ಅಂದ ತಕ್ಷಣ ಎಲ್ರೂ ಹಿಂದೆ ಸರಿಯೋದು ಇಲ್ಲೇ, ನಮ್ಮ ಕೈಲಿ ಆಗಲ್ಲ ಅಂತಾರೆ. ಅಮ್ಮ ಅದನ್ನ ಮಾಡೋದು ನಾನು ಅವ್ರ ಮನೆಗೇ ಹೋಗಿ ನೋಡಿದೀನಿ. ಕೆಂಚ ಕಿಟಕಿ ಪಕ್ಕದ ದಿವಾನದ ಮೇಲೆ, ಅವ್ನ ಮಾಮೂಲಿ ಜಾಗದಲ್ಲಿ, ಅಮ್ಮನ ತೊಡೆಗೆ ಬೆನ್ನು ಕೊಟ್ಟು ಮಲಗಿರ್ತಾನೆ. ಇಸ್ತ್ರಿ ಪೆಟ್ಟಿಗೆ ಮೇಲೆ ಬಿಸಿ ಮಾಡಿದ ಹಳೇ ಪಂಚೆ ತುಂಡನ್ನ ಮೊದಲು ತಮ್ಮ ಕೆನ್ನೆಗೆ ಒತ್ತಿ ನೋಡ್ತಾರೆ, ಆಮೇಲೆ ಅವ್ನ ಕಿವಿ ಸುತ್ತ ಹಿಡ್ಕೋತಾರೆ, ಕಿವಿ ಬೆಚ್ಚಗಾದ್ರೇನೇ ರಕ್ತ ಬರೋದು. ಮೇಷ್ಟ್ರು ಮೊಬೈಲ್ ಟಾರ್ಚ್ ಕಿವಿ ಹಿಂದಿಂದ ಹಿಡೀತಾರೆ, ಅಂಚಿಗುಂಟ ಹೋಗೋ ಸಣ್ಣ ರಕ್ತನಾಳ ಕಾಣುತ್ತೆ. ಅಂಚಿಗೆ ತೆಳ್ಳಗೆ ವ್ಯಾಸಲಿನ್ ಸವರ್ತಾರೆ, ಇಲ್ಲಾಂದ್ರೆ ರಕ್ತ ಕೂದಲಿಗೆ ಹರಡಿ ಸ್ಟ್ರಿಪ್‌ಗೆ ಸಿಗಲ್ಲ. ಕಿವಿ ಹಿಂದೆ ಹತ್ತಿ ಉಂಡೆ ಇಟ್ಟು ನಾಳಕ್ಕೂ ಅಂಚಿಗೂ ಮಧ್ಯೆ ಚುಚ್ತಾರೆ. ಸಾಸಿವೆ ಕಾಳಿನಷ್ಟು ರಕ್ತ ಉಬ್ಬಿ ನಿಲ್ಲುತ್ತೆ, ಮೀಟರ್ ಸ್ಟ್ರಿಪ್ ತುದಿ ತಾಗ್ಸಿದ್ರೆ ಅದೇ ಎಳ್ಕೊಳ್ಳುತ್ತೆ. ಆಮೇಲೆ ಹತ್ತಿಯಿಂದ ಒತ್ತಿ ಹಿಡಿಯೋದನ್ನ ಮರೀಬಾರ್ದು, ಇಲ್ಲಾಂದ್ರೆ ಕಿವಿ ನೀಲಿ ಕಟ್ಟುತ್ತೆ, ಮಾರನೇ ದಿನ ಮುಟ್ಟಕ್ಕೆ ಬಿಡಲ್ಲ. ನಂಬರ್ ಬಂದ ತಕ್ಷಣ ಪೌಚ್‌ನಿಂದ ಒಂದು ಚಮಚ. ಕೆಲವು ದಿನ ಕಳೆದ್ಮೇಲೆ ಮೀಟರ್ ಆನ್ ಮಾಡೋ ಬೀಪ್ ಕೇಳಿ ಅವ್ನೇ ಬಂದು ದಿವಾನದ ಹತ್ರ ನಿಲ್ತಿದ್ದ.

ಮೀಟರ್ ಅಮ್ಮಂದೇ, ಮನುಷ್ಯರದ್ದು. ಪ್ರಾಣಿಗಳಿಗೆ ಅಂತ ಬೇರೆ ಮೀಟರ್ ಇದೆ, ಎಲ್ಲಾ ಕಡೆ ಸುಲಭಕ್ಕೆ ಸಿಗಲ್ಲ, ಸಿಕ್ಕಿದ್ರೂ ಸ್ಟ್ರಿಪ್ ದುಬಾರಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಕಮ್ಮಿ ತೋರ್ಸುತ್ತೆ. ಕಾರಣ ಏನಂದ್ರೆ ನಮ್ಮ ರಕ್ತದಲ್ಲಿ ಸಕ್ಕರೆಯ 42 ಪರ್ಸೆಂಟ್ ಕೆಂಪು ಕಣಗಳ ಒಳಗಿರುತ್ತೆ, ಬೆಕ್ಕಿಗೆ ಅದು ಬರೀ 7, ಮಿಕ್ಕಿದ್ದೆಲ್ಲ ಪ್ಲಾಸ್ಮಾ ಅನ್ನೋ ರಕ್ತದ ದ್ರವ ಭಾಗದಲ್ಲೇ, ಮೀಟರ್‌ನ ಲೆಕ್ಕಾಚಾರ ಮನುಷ್ಯರ ರಕ್ತಕ್ಕೆ ಹೊಂದ್ಸಿರೋದು. ಒಂದು ಸಲ ಒಂದೇ ರಕ್ತ ಲ್ಯಾಬ್‌ಗೂ ಕೊಟ್ಟು ಮೀಟರ್‌ಗೂ ಹಾಕಿ ನೋಡಿದ್ವಿ, ಲ್ಯಾಬ್ 342 ಅಂತು, ಮೀಟರ್ 291. ಹಾಗಂತ ಪ್ರತಿ ಸಲ ಐವತ್ತು ಕೂಡಿಸ್ಕೊಂಡು ಕೂರೋದಲ್ಲ, ವ್ಯತ್ಯಾಸ ಎಲ್ಲಾ ಮಟ್ಟದಲ್ಲೂ ಒಂದೇ ಇರಲ್ಲ. ಯಾವಾಗ್ಲೂ ಅದೇ ಮೀಟರ್, ಅದೇ ಕಂಪನಿ ಸ್ಟ್ರಿಪ್, ಏರ್ತಿದೆಯಾ ಇಳೀತಿದೆಯಾ ಅನ್ನೋದು ಅಷ್ಟರಲ್ಲೇ ಚೆನ್ನಾಗಿ ಗೊತ್ತಾಗುತ್ತೆ. ಇಲ್ಲಿ ಮುಂದೆ ಬರಿಯೋ ನಂಬರೆಲ್ಲ ಆ ಮೀಟರಿಂದೇ.

ನಾನು ಕೇಳಿದ್ದು ಒಂದೇ ಒಂದು ನೋಟ್‌ಬುಕ್, ಆದ್ರೆ ಒಂದೇ ಸಾಲಲ್ಲಿ ನಾಲ್ಕೂ ಇರ್ಬೇಕು: ಟೈಮು, ಶುಗರ್, ತಿಂದಿದ್ದು ಎಷ್ಟು, ಇನ್ಸುಲಿನ್ ಎಷ್ಟು. ಬರೀ ಶುಗರ್ ಬರ್ಕೊಂಡು ಬರೋರು ಬಹಳ, ಅದರಿಂದ ನಂಗೆ ಏನೂ ಗೊತ್ತಾಗಲ್ಲ. 300 ಅನ್ನೋ ನಂಬರ್ ಊಟ ಆಗಿ ಎರಡು ಗಂಟೆಗೆ ಬಂದಿದ್ದಾ, ಇನ್ಸುಲಿನ್ ಹಾಕೋ ಮುಂಚೆ ಬಂದಿದ್ದಾ, ಬಿಸ್ಕೆಟ್ ತಿಂದಿದ್ನಾ, ಇದಿಲ್ದೆ ಡೋಸ್ ಮುಟ್ಟೋದು ಕತ್ತಲಲ್ಲಿ ಕೈ ಹಾಕಿದಂಗೆ.

ಮೊದಲನೇ ವಾರ ಫುಡ್ ಬದಲಾಯಿಸಲಿಲ್ಲ. ಹಾಲು, ಮೊಸರನ್ನ ನಿಲ್ಲಿಸಿ, ಡ್ರೈ ಫುಡ್‌ನೇ ತೂಕ ಮಾಡಿ ಎರಡು ಹೊತ್ತು ಅಂತ ಮಾಡಿದ್ವಿ, ಅಷ್ಟೇ. ಒಂದೇ ಸಲ ಎಲ್ಲಾ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ಭಾನುವಾರ ಕೂತು ಎರಡೆರಡು ಗಂಟೆಗೆ ನೋಡಿದ್ರು: ಬೆಳಿಗ್ಗೆ 7ಕ್ಕೆ 372, ಆಮೇಲೆ 341, 268, ಮಧ್ಯಾಹ್ನ 1ಕ್ಕೆ 214, 3ಕ್ಕೆ 227, 290, ಸಂಜೆ 7ಕ್ಕೆ 356. ಇದರಲ್ಲಿ ನಾನು ಮೊದಲು ನೋಡೋದು ತಳ, ಅಂದ್ರೆ ಅತಿ ಕಮ್ಮಿ ಬಂದ 214. ಇನ್ಸುಲಿನ್ ಕೆಲಸ ಮಾಡ್ತಿದೆ, ಆರು ಗಂಟೆ ಹೊತ್ತಿಗೆ ತಳ ಮುಟ್ಟಿ ಮತ್ತೆ ನಿಧಾನಕ್ಕೆ ಏರ್ತಿದೆ, ಆಕಾರ ಚೆನ್ನಾಗಿದೆ, ಆಳ ಸಾಲದು. ತಳ 80ರಿಂದ 150ರ ಒಳಗೆ ಬರ್ಬೇಕು. ಡೋಸ್ 2 ಯೂನಿಟ್ ಆಯ್ತು, ಮುಂದಿನ ವಾರದ ತಳ 148. ಬೆಳಿಗ್ಗೆಯ 372 ಒಂದನ್ನೇ ಹಿಡ್ಕೊಂಡು ಡೋಸ್ ಏರಿಸಿದ್ರೆ ಎಷ್ಟೋ ಬೆಕ್ಕು ಮಧ್ಯಾಹ್ನ ಯಾರೂ ನೋಡದೇ ಇರೋ ಹೊತ್ತಲ್ಲಿ ಪಾತಾಳಕ್ಕೆ ಇಳ್ದಿರುತ್ತೆ.

ಆಮೇಲೆ ಫುಡ್ ಬದಲಾವಣೆ. ಶುಗರ್ ಇರೋ ಬೆಕ್ಕಿನ ವಿಷಯದಲ್ಲಿ ನಂಗೆ ಅತಿ ಭಯ ಇರೋದು ಈ ಹಂತದ ಬಗ್ಗೆನೇ. ಕಾರ್ಬ್ ಕಮ್ಮಿ ಆದಷ್ಟೂ ಇನ್ಸುಲಿನ್ ಬೇಕಾಗೋದು ಕಮ್ಮಿ ಆಗುತ್ತೆ, ಒಂದೊಂದು ಬೆಕ್ಕಿಗೆ ಕೆಲವೇ ದಿನದಲ್ಲಿ, ಡೋಸ್ ಹಳೇದೇ ಇದ್ರೆ ನೇರ ಹೈಪೋ, ಅಂದ್ರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯೋದು. ಅದಕ್ಕೆ ಹತ್ತು ದಿನದ ಲೆಕ್ಕ ಹಾಕಿ, ದಿನಾ ಸ್ವಲ್ಪ ಡ್ರೈ ಕಮ್ಮಿ ಸ್ವಲ್ಪ ಪೌಚ್ ಜಾಸ್ತಿ, ಇನ್ಸುಲಿನ್ ಮುಂಚಿನ ನಂಬರ್ ದಿನಾ ನಂಗೆ ಮೆಸೇಜ್ ಅಂತ ಮಾತಾಗಿತ್ತು. 338, 310, 286 ಅಂತ ಇಳೀತಾ ಬಂತು. ಅರ್ಧ ದಾರೀಲಿ ಕೆಂಚ ತಾನೇ ಡ್ರೈ ಫುಡ್‌ಗೆ ಬಾಯಿ ಹಾಕೋದು ಬಿಟ್ಟ, ಪೌಚ್ ರುಚಿ ಹತ್ತಿತ್ತು. ಆ ದಿನ ಬೆಳಿಗ್ಗೆ 231 ಇತ್ತು, 2 ಯೂನಿಟ್ ಹೋಗಿತ್ತು, ತಿಂದಿದ್ದು ಬರೀ ಪೌಚ್.

ಮಧ್ಯಾಹ್ನ ಒಂದು ಗಂಟೆ ಚಿಲ್ಲರೆಗೆ ಅಮ್ಮ ಪೌಚ್ ಹರಿದ ಸದ್ದಿಗೂ ಅವ್ನು ಬರಲಿಲ್ಲ. ಮಂಚದ ಕೆಳಗೆ ಕೂತಿದ್ದ, ಕರೆದ್ರೆ ನೋಡ್ತಾನೆ, ಆದ್ರೆ ತಲೆ ಸ್ವಲ್ಪ ತೂಗ್ತಿದೆ, ಎದ್ದು ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿದ. ಅಮ್ಮಂಗೆ ತಮಗೇ ಹೀಗಾಗಿದ್ದ ಅನುಭವ ಇತ್ತಲ್ಲ, ಒಂದು ಕ್ಷಣ ತಡ ಮಾಡಲಿಲ್ಲ, ಮೀಟರ್ ತಂದು ನೋಡಿದ್ರು, 46. ಫೋನ್ ಸ್ಪೀಕರ್‌ಗೆ ಹಾಕಿ ನನಗೆ ಮಾಡಿದ್ರು, ನಾನು ಹೇಳೋ ಅಷ್ಟರಲ್ಲಿ ಜೇನುತುಪ್ಪದ ಬಾಟಲಿ ಕೈಲಿತ್ತು. ಬೆರಳಿಗೆ ಹಚ್ಕೊಂಡು ಒಸಡಿಗೆ ಉಜ್ಜೋದು, ಗಂಟಲಿಗೆ ಸುರಿಯೋದಲ್ಲ, ಅರೆಪ್ರಜ್ಞೆಲಿರೋ ಪ್ರಾಣಿಗೆ ಸುರಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಹದಿನೈದು ನಿಮಿಷಕ್ಕೆ 58. ಮತ್ತೆ ಜೇನು, ನುಂಗೋ ಹಾಗಾದ ತಕ್ಷಣ ಊಟ, ಅದೂ ಆ ಹೊತ್ತಿಗೆ ಹಳೇ ಡ್ರೈ ಫುಡ್‌ನೇ ಹಾಕಿಸ್ದೆ, ಆಗ ಬೇಕಾಗಿದ್ದಿದ್ದೇ ಕಾರ್ಬು. ಮುಂದೆ 83, ಆಮೇಲೆ 112. ಮೇಷ್ಟ್ರು ಅಷ್ಟು ಹೊತ್ತೂ ನೆಲದ ಮೇಲೆ ಕೂತು "ಕೆಂಚಾ, ಕಣ್ ಬಿಡೋ" ಅಂತ ಕೂಗ್ತಾ ಇದ್ದಿದ್ದು ಫೋನಲ್ಲಿ ಕೇಳಿಸ್ತಿತ್ತು. ನಾನು ಕ್ಲಿನಿಕ್‌ನಲ್ಲಿ ಡ್ರಿಪ್ ರೆಡಿ ಇಟ್ಕೊಂಡಿದ್ದೆ, ಬೇಕಾಗಲಿಲ್ಲ. ಫಿಟ್ಸ್ ಬಂದ್ರೆ, ಅಥವಾ ಜೇನು ಹಚ್ಚಿದ್ರೂ ಐದ್ಹತ್ತು ನಿಮಿಷದಲ್ಲಿ ಕಣ್ಣರಳಿಸಲಿಲ್ಲ ಅಂದ್ರೆ ಜೇನು ಹಚ್ತಾನೇ ಗಾಡಿ ಹತ್ಬೇಕು, ಮನೇಲಿ ಕಾಯೋದಲ್ಲ.

ಆ ಸಂಜೆ 318 ಬಂತು. ಹೊಸಬರು ಇಲ್ಲೇ ಎಡವೋದು, ಅಯ್ಯೋ ಏರಿದೆ ಅಂತ ಡೋಸ್ ಜಾಸ್ತಿ ಮಾಡ್ತಾರೆ. ಅದು ಜೇನು, ಡ್ರೈ ಫುಡ್ಡು, ದೇಹ ಗಾಬರಿ ಬಿದ್ದು ತಾನೇ ಬಿಟ್ಟ ಸಕ್ಕರೆ, ಎಲ್ಲಾ ಸೇರಿ ಬಂದ ನಂಬರ್. ಆ ಹೊತ್ತಿನ ಇನ್ಸುಲಿನ್ ಬಿಡಿಸ್ದೆ, ಮಾರನೇ ದಿನದಿಂದ 1 ಯೂನಿಟ್. ಮಧ್ಯಾಹ್ನ ಒಂದು ಗಂಟೆಗೆ ಮನೇಲಿ ಮೀಟರ್ ಇಲ್ದೇ ಇದ್ದಿದ್ರೆ ಆ ಬೆಕ್ಕು ಮಂಚದ ಕೆಳಗೇ ಹೋಗಿರ್ತಿತ್ತು, ಇದರಲ್ಲಿ ನಂಗೆ ಎರಡು ಮಾತಿಲ್ಲ.

ಆವತ್ತಿಂದ ಮನೇಲಿ ಕೆಲವು ಕಟ್ಟುಪಾಡು ಆಯ್ತು. ಇನ್ಸುಲಿನ್ ಮುಂಚೆ 150 ಒಳಗೆ ಬಂದ್ರೆ ಹಾಕೋದಿಲ್ಲ, ಫೋನ್. ಬೆಳಿಗ್ಗೆ ತಿನ್ನಲಿಲ್ಲ, ವಾಂತಿ ಮಾಡ್ದ, ಆಗ್ಲೂ ಪೂರ್ತಿ ಡೋಸ್ ಇಲ್ಲ, ಫೋನ್. ಸೂಜಿ ಹಾಕುವಾಗ ಮೈಮೇಲೆ ಚೆಲ್ತೇನೋ ಅಂತ ಅನುಮಾನ ಬಂದ್ರೆ ಇನ್ನೊಂದು ಸಲ ಹಾಕೋ ಹಾಗಿಲ್ಲ, ಒಂದು ಹೊತ್ತು ಶುಗರ್ ಏರಿದ್ರೆ ಏನೂ ಆಗಲ್ಲ, ಎರಡು ಡೋಸ್ ಒಳಗೆ ಹೋದ್ರೆ ಆಗುತ್ತೆ. ಮೇಷ್ಟ್ರು ಒಂದ್ಸಲ ಹಾಕಿ, ಅದು ಗೊತ್ತಿಲ್ದೆ ಅಮ್ಮ ಇನ್ನೊಂದ್ಸಲ ಹಾಕೋ ಸಂಭವ ತಪ್ಪಿಸೋಕೆ ಸಿರಿಂಜ್ ಹಿಡಿಯೋದು ಅಮ್ಮ ಮಾತ್ರ, ನೋಟ್‌ಬುಕ್ ಬರಿಯೋದು ಮೇಷ್ಟ್ರು ಮಾತ್ರ.

ಮುಂದೆ ನಂಬರ್ ಚೆನ್ನಾಗೇ ಇಳೀತಾ ಇತ್ತು, 190, 176, ತಳ ನೂರರ ಆಸುಪಾಸು. ದಸರಾಗೆ ಮೊಮ್ಮಕ್ಕಳು ಬಂದ್ರು, ಇದ್ದಕ್ಕಿದ್ದಂಗೆ ಮೂರು ದಿನ 290, 325, 308. ಮೇಷ್ಟ್ರಿಗೆ ಅದು ಕುಶಾಲತೋಪಿನ ತಾಲೀಮಿನ ಸದ್ದಿಗೆ ಬೆದರಿದ್ದಕ್ಕೆ ಅಂತ ಅನುಮಾನ. ಭಯಕ್ಕೆ ಏರೋದು ಹೌದು, ಆದ್ರೆ ಆ ಮೂರೂ ದಿನದ ಸಾಲಲ್ಲಿ ಪೌಚ್ ಅರ್ಧಕ್ಕರ್ಧ ಉಳಿಸಿದಾನೆ ಅಂತಿತ್ತು. ಭಯ ಬಿದ್ದು ಊಟ ಬಿಟ್ಟಿದ್ರೆ ಬೆಕ್ಕು ಮಂಕಾಗಿರ್ಬೇಕು, ಇವ್ನು ಮಕ್ಕಳ ಹಿಂದೆ ಕುಣ್ಕೊಂಡು ಓಡಾಡ್ತಿದ್ದ, ಅಂದ್ರೆ ಹೊಟ್ಟೆ ಬೇರೆಲ್ಲೋ ತುಂಬ್ತಿದೆ. ಮಕ್ಕಳನ್ನ ಕೂರಿಸ್ಕೊಂಡು ನಿಧಾನಕ್ಕೆ ಕೇಳಿದಾಗ ಚಿಕ್ಕೋಳು ಒಪ್ಕೊಂಡ್ಳು, ಸ್ಟೋರ್ ರೂಮಲ್ಲಿದ್ದ ಹಳೇ ಚೀಲದಿಂದ ಹಿಡಿ ಹಿಡಿ ತಂದು ಹಾಕ್ತಿದ್ಳು, ಪಾಪ ಅವ್ನು ಸಣ್ಣ ಆಗಿದಾನೆ ಅಂತ. ಡೋಸ್ ಮುಟ್ಟಲಿಲ್ಲ, ಚೀಲ ಬೀದಿ ನಾಯಿಗೆ ಹೋಯ್ತು, ನಾಲ್ಕೇ ದಿನಕ್ಕೆ ಮತ್ತೆ 180.

ಭುಜಕ್ಕೆ ಅಂಟಿಸೋ, ಶುಗರ್ ತಾನೇ ಅಳೆಯೋ ಸೆನ್ಸರ್ ಬಗ್ಗೆ ಕೇಳ್ತಾರೆ, ಫ್ರೀಸ್ಟೈಲ್ ಲಿಬ್ರೆ ಥರದ್ದು. ಒಳ್ಳೇದೇ, ಹದಿನಾಲ್ಕು ದಿನ ಅಂತ ಮಾಡಿರೋದು, ಬೆಕ್ಕಿನ ಮೈಮೇಲೆ ಸಾಮಾನ್ಯವಾಗಿ ಅದಕ್ಕಿಂತ ಮುಂಚೆನೇ ಕಿತ್ತು ಬರುತ್ತೆ. ಕಿವಿ ಮುಟ್ಟಕ್ಕೆ ಬಿಡದೇ ಇರೋ ಬೆಕ್ಕಿಗೆ ನಾನು ಅದನ್ನೇ ಹೇಳ್ತೀನಿ. ಕೆಂಚಂಗೆ ಬೇಕಾಗಲಿಲ್ಲ. ಅಮೆರಿಕದಲ್ಲಿ 2022ರಿಂದ ಬೆಕ್ಕಿಗೇ ಅಂತ ಬಾಯಲ್ಲಿ ಕೊಡೋ ಔಷಧಿ ಬಂದಿದೆ, ಬೆಕ್ಸಾಗ್ಲಿಫ್ಲೋಜಿನ್ ಅಂತ, ಆದ್ರೆ ಅದರಲ್ಲಿ ಶುಗರ್ ಸರಿ ತೋರಿಸ್ತಾನೇ ಕೀಟೋನ್ ಏರೋ ಅಪಾಯ ಇದೆ, ಮುಂಚೆ ಇನ್ಸುಲಿನ್ ತಗೊಂಡ ಬೆಕ್ಕಿಗೆ ಕೊಡೋ ಹಾಗೂ ಇಲ್ಲ. ಮನೇಲಿ ಶುಗರ್ ಇರೋ ಅಜ್ಜ ಅಜ್ಜಿಯ ಮಾತ್ರೆ ಅರ್ಧ ಮಾಡಿ ಬೆಕ್ಕಿಗೆ ಹಾಕೋ ಯೋಚನೆ ಯಾರಿಗಾದ್ರೂ ಬಂದ್ರೆ ದಯವಿಟ್ಟು ಬೇಡ.

ದೀಪಾವಳಿ ಆದ್ಮೇಲೆ ಒಂದು ಬೆಳಿಗ್ಗೆ 118 ಬಂತು, ಡೋಸ್ ಬಿಟ್ಟು ಸಂಜೆ ನೋಡಿದ್ರೆ 134. ಅರ್ಧ ಯೂನಿಟ್‌ಗೆ ಇಳಿಸಿದ್ವಿ, ಆಮೇಲೆ ದಿನಕ್ಕೊಂದೇ ಸಲ, ಧನುರ್ಮಾಸದ ಹೊತ್ತಿಗೆ ಪೂರ್ತಿ ನಿಲ್ತು. ಇನ್ಸುಲಿನ್ ಇಲ್ದೆ ನಾಲ್ಕು ವಾರ ಶುಗರ್ ಸರಿ ಇದ್ರೆ ಅದನ್ನ ರೆಮಿಷನ್ ಅಂತೀವಿ, ಕೆಂಚಂದು 105ರಿಂದ 130ರ ಒಳಗೇ ಇತ್ತು. ಇದು ಎಲ್ಲಾ ಬೆಕ್ಕಿಗೂ ಆಗಲ್ಲ. 2009ರಲ್ಲಿ ಬಂದ ಒಂದು ಅಧ್ಯಯನ ಇದೆ, 55 ಬೆಕ್ಕು, ಗ್ಲಾರ್ಜಿನ್, ಮನೇಲೇ ಶುಗರ್ ನೋಡೋದು, ಕಾರ್ಬ್ ಕಮ್ಮಿ ಇರೋ ಊಟ: ಕಾಯಿಲೆ ಗೊತ್ತಾಗಿ ಆರು ತಿಂಗಳೊಳಗೆ ಇಷ್ಟು ಬಿಗಿಯಾಗಿ ಶುರು ಮಾಡಿದವುಗಳಲ್ಲಿ 84 ಪರ್ಸೆಂಟ್ ರೆಮಿಷನ್‌ಗೆ ಹೋದ್ವು, ತಡವಾಗಿ ಶುರು ಮಾಡಿದವುಗಳಲ್ಲಿ 35. ಕೆಂಚಂಗೆ ಬೇಗ ಗೊತ್ತಾಯ್ತು, ಸ್ಟೀರಾಯ್ಡ್ ನಿಲ್ತು, ಊಟ ಬದಲಾಯ್ತು, ಮೂರೂ ಒಟ್ಟಿಗೆ ಕೂಡಿ ಬಂತು. ಮೊದಲು ದಿನಕ್ಕೆ ಅರ್ಧ ಲೀಟರ್ ಮೀರಿ ನೀರು ಕುಡೀತಿದ್ದೋನು ಈಗ ಪೌಚ್‌ನಲ್ಲೇ ನೀರಿರೋದ್ರಿಂದ ಬಟ್ಟಲು ಮುಟ್ಟೋದೇ ಅಪರೂಪ. ಹಿಂಗಾಲು ನಿಧಾನಕ್ಕೆ ಸರಿ ಹೋಯ್ತು, ನರ ಚೇತರಿಸ್ಕೊಳ್ಳೋಕೆ ತಿಂಗಳುಗಟ್ಲೆ ಬೇಕು, ಈಗ ದಿವಾನ ಹತ್ತುತಾನೆ, ಕಾಂಪೌಂಡ್ ಗೋಡೆ ಇನ್ನೂ ಹತ್ತಲ್ಲ. ತೂಕ 5.6ರಲ್ಲಿದೆ, 6 ದಾಟೋಕೆ ಬಿಡಬೇಡಿ ಅಂದಿದೀನಿ.

ರೆಮಿಷನ್ ಅಂದ್ರೆ ವಾಸಿಯಾಯ್ತು ಅಂತಲ್ಲ, ಎಷ್ಟೋ ಬೆಕ್ಕಿಗೆ ವಾಪಸ್ ಬರುತ್ತೆ. ವಾರಕ್ಕೊಂದು ದಿನ ಕಿವಿ ಚುಚ್ಚೋದು ನಡೀತಿದೆ, ಪೌಚೇ ಊಟ. ಹೋದ ತಿಂಗಳು ತುರಿಕೆ ಮತ್ತೆ ಶುರುವಾಯ್ತು ಅಂತ ಬಂದಿದ್ರು, ಬಾಚಿ ನೋಡಿದ್ರೆ ಬಾಲದ ಬುಡದಲ್ಲಿ ಚಿಗಟದ ಕೊಳೆ. ಬೆಕ್ಕಿಗೇ ಅಂತ ಬರೋ ಚಿಗಟದ ಔಷಧಿ ಕತ್ತಿಗೆ ಹಾಕಿದ್ವಿ, ಸ್ಟೀರಾಯ್ಡ್ ಕೊಡ್ಬಾರ್ದು ಅಂತ ಕಾರ್ಡ್ ಮೇಲೆ ಕೆಂಪು ಇಂಕಲ್ಲಿ ಬರ್ದು ಕೊಟ್ಟೆ, ಊರಿಗೆ ಹೋದಾಗ ಬೇರೆ ಯಾರಿಗೆ ತೋರ್ಸಿದ್ರೂ ಮೊದಲು ಆ ಕಾರ್ಡ್ ತೋರಿಸಿ ಅಂತ. ಆ ವಾರ ಶುಗರ್ 146 ಬಂದಿತ್ತು, ಹಾಗಾಗಿ ಸದ್ಯಕ್ಕೆ ವಾರಕ್ಕೆರಡು ಸಲ ನೋಡ್ತಿದಾರೆ, 180 ದಾಟಿದ್ರೆ ಅದೇ ದಿನ ಫೋನ್ ಮಾಡ್ತಾರೆ.